ನಾಯಕಿಯ ಲೈಂಗಿಕತೆ ತೆರೆಯ ಮೇಲೆ ಅವಳ ಬಲವೋ, ಅವಳ ಸಂಕೋಲೆಯೋ: ದೃಶ್ಯದೊಳಗೆ ಗುರುತಿಸೋದು ಹೇಗೆ?

ಮೊದಲ_ಕರಡು:

20 ನಿಮಿಷದ ಕಿರುಚಿತ್ರದ ಚಿತ್ರಕಥೆ. ಅದರಲ್ಲಿ ಒಂದು ದೃಶ್ಯ ಹೀಗಿದೆ. ಸಾಲ ಕೊಟ್ಟವನ ಕೋಣೆಗೆ ನಾಯಕಿ ಬರುತ್ತಾಳೆ. ಅವಳ ಸಹಿ ಇರುವ ಪತ್ರ ಅವನ ಮೇಜಿನ ಡ್ರಾಯರ್‌ನಲ್ಲಿದೆ. ಅವನಿಗೆ ತನ್ನ ಮೇಲೆ ಕಣ್ಣಿದೆ ಅಂತ ಅವಳಿಗೆ ಗೊತ್ತು. ಮಾತಾಡುತ್ತಾ ಹತ್ತಿರ ಹೋಗುತ್ತಾಳೆ, ಮುಡಿ ಬಿಚ್ಚುತ್ತಾಳೆ, ಅವನ ಗ್ಲಾಸಿಗೆ ತಾನೇ ಸುರಿಯುತ್ತಾಳೆ. ಅವನು ಮೈಮರೆತಾಗ ಪತ್ರ ತೆಗೆದುಕೊಂಡು ಹೊರಡುತ್ತಾಳೆ. ಬರಹದಲ್ಲಿ ಎರಡೂವರೆ ಪುಟ.

ಓದಿದವರು ಎರಡು ಪಾಲಾಗಿದ್ದಾರೆ. ಒಂದು ಪಾಲಿನವರು "ಅವಳು ಅವನನ್ನು ಆಡಿಸಿ ಗೆದ್ದಳು, ದೃಶ್ಯ ಅವಳದ್ದು" ಅನ್ನುತ್ತಾರೆ. ಇನ್ನೊಂದು ಪಾಲಿನವರು "ಹೆಣ್ಣಿಗೆ ಮೈಯೊಂದೇ ಬಂಡವಾಳ ಅನ್ನೋ ಹಳೇ ಕಥೆಯೇ ಇದು" ಅನ್ನುತ್ತಾರೆ. ಇಬ್ಬರೂ ಬೆರಳಿಡುವುದು ಅದೇ ಸಾಲುಗಳ ಮೇಲೆ. ಹಾಗಾದರೆ ಈ ವ್ಯತ್ಯಾಸ ಇರುವುದೆಲ್ಲಿ? ಬರಹದಲ್ಲೋ, ಶಾಟ್‌ನಲ್ಲೋ, ಎಡಿಟಿಂಗ್‌ನಲ್ಲೋ? ಸಿದ್ಧಾಂತದ ಹೆಸರುಗಳಿಗಿಂತ ಕೈಗೆ ಸಿಗುವ ಗುರುತುಗಳು ಬೇಕು. ಒಂದೇ ದೃಶ್ಯದಲ್ಲಿ ಎರಡೂ ಇರಲು ಸಾಧ್ಯವೇ ಅನ್ನುವುದೂ ತಿಳಿಯಬೇಕು.

ಕತ್ತರಿ_ಮೇಜು:

ಪುಟದ ಮೇಲೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. "ಮುಡಿ ಬಿಚ್ಚುತ್ತಾಳೆ" ಅನ್ನುವ ಒಂದು ಸಾಲನ್ನು ಹತ್ತು ಬಗೆಯಲ್ಲಿ ಚಿತ್ರೀಕರಿಸಬಹುದು. ಹತ್ತರಲ್ಲಿ ಯಾವುದನ್ನು ಆರಿಸಿದಿರಿ ಅನ್ನುವುದರಲ್ಲೇ ಕೋಣೆಯ ಹಿಡಿತ ಯಾರದ್ದು ಅಂತ ತೀರ್ಮಾನವಾಗುತ್ತದೆ.

ಸಿದ್ಧಾಂತ ಬೇಡ ಅಂದಿದ್ದೀರಿ, ಆದರೆ ಒಂದನ್ನು ಬಿಡೋ ಹಾಗಿಲ್ಲ, ಏಕೆಂದರೆ ಅದು ಕೆಲಸಕ್ಕೆ ಬರುವ ಉಪಕರಣ. ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ 'ಸ್ಕ್ರೀನ್' ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ ಸಿನಿಮಾದ ನೋಟವನ್ನು ಮೂರಾಗಿ ಬಿಡಿಸಿದರು: ಕ್ಯಾಮೆರಾ ನೋಡುವುದು, ಪ್ರೇಕ್ಷಕರು ನೋಡುವುದು, ಪಾತ್ರಗಳು ಒಬ್ಬರನ್ನೊಬ್ಬರು ನೋಡುವುದು. ರೂಢಿಯ ಸಿನಿಮಾ ಮೊದಲ ಎರಡನ್ನು ಮೂರನೆಯದರ ಹಿಂದೆ ಬಚ್ಚಿಡುತ್ತದೆ ಅನ್ನುವುದು ಅವರ ವಾದ. ಅಂದರೆ ಗಂಡು ಪಾತ್ರ ನೋಡಿದಾಗ ಕ್ಯಾಮೆರಾ ಅವನ ಜಾಗದಲ್ಲಿ ನಿಲ್ಲುತ್ತದೆ, ನಾವು ಗೊತ್ತಿಲ್ಲದೆಯೇ ಅವನ ಕುರ್ಚಿಯಲ್ಲಿ ಕೂತಿರುತ್ತೇವೆ.

ಈಗ ಕೆಲಸ. ನಿಮ್ಮ ದೃಶ್ಯಕ್ಕೆ ಹತ್ತಿರವಾದ ಯಾವುದಾದರೂ ಚಿತ್ರದ ಎರಡು ಮೂರು ನಿಮಿಷವನ್ನು ಶಬ್ದ ಆರಿಸಿ ನೋಡಿ. ಹಾಳೆಯಲ್ಲಿ ಐದು ಗೆರೆ ಎಳೆದುಕೊಳ್ಳಿ: ಶಾಟ್ ಸಂಖ್ಯೆ, ಎಷ್ಟು ಸೆಕೆಂಡು, ಯಾರ ಕಣ್ಣಿನಿಂದ, ಅವಳ ದೇಹದ ಯಾವ ಭಾಗ ಫ್ರೇಮ್‌ನಲ್ಲಿದೆ, ಕಟ್ ಆಗುವ ಹೊತ್ತಿಗೆ ಯಾರು ಏನು ಮಾಡುತ್ತಿದ್ದಾರೆ. ಒಂದು ಗಂಟೆಯ ಕೆಲಸ, ಅಷ್ಟೇ. ತುಂಬಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಒಂದು, ಅವಳ ಮೈ ಕಾಣುವ ಶಾಟ್‌ನ ಹಿಂದೆ ಮುಂದೆ ಏನಿದೆ? ಅವನ ಮುಖ, ಅವಳ ಮೈ, ಮತ್ತೆ ಅವನ ಮುಖ ಅಂತ ಜೋಡಿಸಿದ್ದರೆ ಅವಳು ಏನೇ ಮಾಡಲಿ, ಅದು ಅವನ ಅನುಭವವಾಗಿಯೇ ನಮಗೆ ತಲುಪುತ್ತದೆ. ಎರಡು, ಅವಳ ಮೈ ಮತ್ತು ಅವಳ ಕಣ್ಣು ಒಂದೇ ಫ್ರೇಮ್‌ನಲ್ಲಿ ಬರುತ್ತವೆಯೇ? ಕತ್ತು, ಸೊಂಟ, ಪಾದ ಅಂತ ತುಂಡು ತುಂಡಾಗಿ ತೋರಿಸಿ ಮುಖವನ್ನು ಕೊನೆಗೆ ತಂದರೆ, ಅವಳು ಯೋಚಿಸುವವಳು ಅನ್ನುವುದು ನಮಗೆ ತಡವಾಗಿ ತಿಳಿಯುತ್ತದೆ.

1944ರ 'ಡಬಲ್ ಇಂಡೆಮ್ನಿಟಿ'ಯಲ್ಲಿ ಫಿಲಿಸ್‌ಳ ಪ್ರವೇಶವನ್ನು ಹೀಗೆ ಬಿಡಿಸಿ ನೋಡಿ. ಟವೆಲ್ ಸುತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಾಳೆ, ವಿಮಾ ಏಜೆಂಟ್ ನೆಫ್ ಕೆಳಗಿನಿಂದ ತಲೆ ಎತ್ತಿ ನೋಡುತ್ತಾನೆ. ಎತ್ತರದಲ್ಲಿರುವವಳು ಅವಳು, ಹಾಗಾಗಿ ಬಲ ಅವಳದ್ದು ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಬಟ್ಟೆ ತೊಟ್ಟು ಇಳಿದು ಬರುವಾಗ ಕ್ಯಾಮೆರಾ ಹಿಡಿಯುವುದು ಅವಳ ಪಾದವನ್ನು, ಕಾಲಿಗೆ ಹಾಕಿದ ಸರವನ್ನು. ಮೇಲಾಗಿ ಇಡೀ ಕಥೆಯನ್ನು ನೆಫ್ ತಾನೇ ದನಿ ದಾಖಲಿಸುವ ಡಿಕ್ಟಾಫೋನ್‌ಗೆ ಹೇಳುತ್ತಿದ್ದಾನೆ. ಆಟ ಕಟ್ಟಿದವಳು ಅವಳು, ಆದರೆ ಕಥೆ ಹೇಳುವ ಹಕ್ಕು ಅವನದು. ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಇದೆ: ಒಂದೇ ದೃಶ್ಯದಲ್ಲಿ ಎರಡೂ ಇರಬಹುದು, ಬೇರೆ ಬೇರೆ ಪದರಗಳಲ್ಲಿ.

ಇನ್ನು ನಿಮ್ಮ ಮುಡಿ. ಅವನ ಕುರ್ಚಿಯ ದಿಕ್ಕಿನಿಂದ 85 ಮಿ.ಮೀ. ಲೆನ್ಸ್ ಹಾಕಿ, ಹಿನ್ನೆಲೆ ಮಸುಕಾಗಿಸಿ, ಕೂದಲು ಮತ್ತು ಕತ್ತನ್ನು ಮಾತ್ರ ಹಿಡಿದರೆ ಕೋಣೆ ಮಾಯವಾಗುತ್ತದೆ, ಡ್ರಾಯರ್ ಮಾಯವಾಗುತ್ತದೆ, ಅವಳು ಬಂದ ಕೆಲಸವೂ ಮಾಯವಾಗುತ್ತದೆ. ಸೆಕೆಂಡಿಗೆ 48 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿದರಂತೂ ಎರಡು ಸೆಕೆಂಡಿನ ಕ್ರಿಯೆ ನಾಲ್ಕಾಗುತ್ತದೆ. ಆ ಹೆಚ್ಚಿನ ಎರಡು ಸೆಕೆಂಡು ಅವಳಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ, ನೋಡುವವನಿಗೆ ಮಾತ್ರ. ಅದೇ ಕ್ಯಾಮೆರಾವನ್ನು ಮೇಜಿನ ಎತ್ತರಕ್ಕೆ ಇಳಿಸಿ, ಡ್ರಾಯರ್ ಪಕ್ಕದಿಂದ 35 ಮಿ.ಮೀ. ಹಾಕಿ. ಮುಂದೆ ಡ್ರಾಯರ್‌ನ ಹಿಡಿ, ನಡುವೆ ಮುಡಿಗೆ ಹೋದ ಅವಳ ಕೈ, ಹಿಂದೆ ಅವನ ಮುಖ. ಈಗ ಮುಡಿ ಬಿಚ್ಚುವುದು ಅವಳು ಬಂದ ಕೆಲಸದ ಒಂದು ಹೆಜ್ಜೆ. ಅವನು ನೋಡುತ್ತಿರುವುದೂ ಕಾಣುತ್ತದೆ, ಅವನಿಗೆ ಕಾಣದೇ ಇರುವುದೂ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿದೆ. ಪತ್ರದ ವಿಷಯ ಪ್ರೇಕ್ಷಕರಿಗೆ ಯಾವಾಗ ತಿಳಿಯಬೇಕು? ಅವಳು ಹೊರಟ ಮೇಲೆ ತಿಳಿದರೆ ಅದು ತಿರುವು, ಅಲ್ಲಿಯವರೆಗೆ ಪ್ರೇಕ್ಷಕರೂ ಅವನ ಹಾಗೆಯೇ ಮೋಸ ಹೋಗಿರುತ್ತಾರೆ, ಅವಳು ಇಬ್ಬರಿಗೂ 'ಮಾಯಗಾತಿ' ಆಗುತ್ತಾಳೆ. ಬಾಗಿಲು ತಟ್ಟುವ ಮೊದಲೇ ತಿಳಿದಿದ್ದರೆ ಪ್ರತಿ ಕ್ಷಣವೂ ಅವಳ ಅಪಾಯ. ನಗುವಾಗಲೂ ಅವಳ ಎದೆ ಹೊಡೆದುಕೊಳ್ಳುತ್ತಿದೆ ಅಂತ ನಮಗೆ ಗೊತ್ತಿರುತ್ತದೆ. ಬಲ, ಭಯ ಎರಡನ್ನೂ ಒಟ್ಟಿಗೆ ಹಿಡಿಯಬೇಕಾದರೆ ಇದೇ ದಾರಿ.

ಎರಡನೇ_ಸಾಲು:

ಕತ್ತರಿ_ಮೇಜು ಅವರೇ, ಕ್ಯಾಮೆರಾ ಬಗ್ಗೆ ಹೇಳಿದ್ದೆಲ್ಲ ಸರಿ. ಆದರೆ ಕ್ಯಾಮೆರಾವನ್ನು ಎಷ್ಟೇ ಚೆನ್ನಾಗಿ ಇಟ್ಟರೂ ಕಥೆ ಅವಳಿಗೆ ಯಾವ ಬೆಲೆ ಹಾಕುತ್ತದೆ ಅನ್ನುವುದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಹಾಲಿವುಡ್‌ನ ಹೇಸ್ ಕೋಡ್, ಅಂದರೆ ತೆರೆಯ ಮೇಲೆ ಏನು ತೋರಿಸಬಹುದು ಅನ್ನುವ ಉದ್ಯಮದ ನಿಯಮಾವಳಿ, 1930ರಲ್ಲಿ ಬಂತು, 1934ರಿಂದ ಬಿಗಿಯಾಗಿ ಜಾರಿಯಾಯಿತು, 1968ರಲ್ಲಿ ಅದರ ಜಾಗಕ್ಕೆ ರೇಟಿಂಗ್ ಬಂತು. ಆ ಮೂರು ದಶಕಗಳಲ್ಲಿ ತಪ್ಪು ಮಾಡಿದವರಿಗೆ ಕೊನೆಯಲ್ಲಿ ಶಿಕ್ಷೆ ಆಗಲೇಬೇಕಿತ್ತು, ಮದುವೆಯಾಚೆಗಿನ ಸಂಬಂಧ ಆಕರ್ಷಕವಾಗಿ ಕಾಣಬಾರದಿತ್ತು. ಬರಹಗಾರರು ಕಂಡುಕೊಂಡ ಉಪಾಯ ಏನೆಂದರೆ 80 ನಿಮಿಷ ಹೆಣ್ಣಿಗೆ ಬಿಡುವು ಕೊಡುವುದು, ಕೊನೆಯ 10 ನಿಮಿಷದಲ್ಲಿ ವಸೂಲಿ ಮಾಡುವುದು. ಕೋಡ್ ಹೋಗಿ ಅರ್ಧ ಶತಮಾನ ದಾಟಿದರೂ ಆ ವಸೂಲಿಯ ಅಚ್ಚು ಚಿತ್ರಕಥೆಗಳಲ್ಲಿ ಉಳಿದಿದೆ. ಬಯಸಿದವಳು ಸಾಯುತ್ತಾಳೆ, ಹುಚ್ಚಿಯಾಗುತ್ತಾಳೆ, ಇಲ್ಲವೇ ಪಶ್ಚಾತ್ತಾಪ ಪಟ್ಟು ಮನೆ ಸೇರುತ್ತಾಳೆ. ಭಯಾನಕ ಚಿತ್ರಗಳಲ್ಲಿ ಕೊನೆಗೆ ಉಳಿಯುವ ಹುಡುಗಿ ಹೆಚ್ಚಾಗಿ ಪ್ರಣಯದಿಂದ ದೂರ ಇದ್ದವಳು ಅನ್ನುವುದನ್ನು ಕೆರೊಲ್ ಕ್ಲೋವರ್ 1987ರ ಪ್ರಬಂಧದಲ್ಲಿ ಗುರುತಿಸಿದ್ದು ಇದೇ ಅಚ್ಚನ್ನು.

ಹಾಗೆಂದು ಶಿಕ್ಷೆ ಆದ ಕೂಡಲೇ ಎಲ್ಲ ಅಳಿಸಿಹೋಯಿತು ಅಂತಲೂ ಅಲ್ಲ. 1978ರಲ್ಲಿ ಆನ್ ಕಪ್ಲಾನ್ ಸಂಪಾದಿಸಿದ, ನಾಯ್ರ್ ಚಿತ್ರಗಳ ('ಡಬಲ್ ಇಂಡೆಮ್ನಿಟಿ'ಯಂಥ ಕತ್ತಲು ತುಂಬಿದ ಅಪರಾಧ ಚಿತ್ರಗಳ) ಹೆಣ್ಣುಗಳ ಬಗೆಗಿನ ಪುಸ್ತಕದಲ್ಲಿ ಜೇನಿ ಪ್ಲೇಸ್ ಒಂದು ಒಳ್ಳೆಯ ಮಾತು ಎತ್ತುತ್ತಾರೆ: ನೋಡಿದವರ ನೆನಪಿನಲ್ಲಿ ಉಳಿಯುವುದು ಅವಳ ಸಾವಲ್ಲ, ಅವಳ ಕಸುವು. ಕಥೆ ಕೊಂದರೂ ಚಿತ್ರಿಕೆ ಉಳಿಯುತ್ತದೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಚಿತ್ರಿಕೆ ಉಳಿದದ್ದು ಪೋಸ್ಟರ್ ಆಗಿ, ಪೋಸ್ಟರ್‌ನಲ್ಲಿ ಅವಳ ಬುದ್ಧಿ ಇರುವುದಿಲ್ಲ. ಆದರೂ ಕೊನೆಯೊಂದನ್ನೇ ನೋಡಿ ತೀರ್ಪು ಕೊಡಬಾರದು ಅನ್ನುವಷ್ಟು ಮಟ್ಟಿಗೆ ಅವರು ಸರಿ.

ಬರೆಯುವಾಗ ಒಂದು ಕೂಡು ಕಳೆಯುವ ಲೆಕ್ಕ ಮಾಡಿ. ಕೋಣೆಗೆ ಬರುವಾಗ ಅವಳ ಕೈಯಲ್ಲಿ ಏನೇನಿತ್ತು: ದುಡ್ಡು, ಕಾನೂನು, ಮಾಹಿತಿ, ಜೊತೆಗಾರರು, ಹೊರಡುವ ಸ್ವಾತಂತ್ರ್ಯ? ಎಲ್ಲಕ್ಕೂ ಸೊನ್ನೆ ಹಾಕಿ ಮೈಯೊಂದನ್ನೇ ಉಳಿಸಿದ್ದರೆ, ಆಮೇಲೆ ಅವಳು "ಆರಿಸಿಕೊಂಡಳು" ಅನ್ನುವುದರಲ್ಲಿ ಅರ್ಥವಿಲ್ಲ. ಆರಿಸಿಕೊಳ್ಳಲು ನೀವೇ ಬೇರೇನೂ ಇಟ್ಟಿಲ್ಲ. ಎರಡನೇ ಪಾಲಿನ ಓದುಗರಿಗೆ ಚುಚ್ಚಿದ್ದು ಬಹುಶಃ ಇದೇ. ಬೇರೆ ದಾರಿಯೂ ಇತ್ತು, ಅದು ನಿಧಾನದ್ದೋ ದುಬಾರಿಯದ್ದೋ ಆಗಿತ್ತು, ಅವಳು ಇದನ್ನು ತೂಗಿ ಆರಿಸಿದಳು ಅನ್ನುವುದಕ್ಕೆ ಹಿಂದಿನ ದೃಶ್ಯದಲ್ಲಿ ನಾಲ್ಕು ಸಾಲು ಸಾಕು.

ಇನ್ನೊಂದು ದಾರಿ, ದಾರಿಯೇ ಇಲ್ಲ ಅಂತ ಒಪ್ಪಿಕೊಂಡು ಚೌಕಾಸಿಯನ್ನೇ ಕಥೆ ಮಾಡುವುದು. ಜೇನ್ ಕ್ಯಾಂಪಿಯನ್‌ರ 'ದಿ ಪಿಯಾನೊ' (1993) ಹಾಗೆ ಮಾಡುತ್ತದೆ. ನಾಯಕಿ ಅಡಾಳ ಪಿಯಾನೊ ಈಗ ಬೇನ್ಸ್‌ನ ಸ್ವತ್ತು. ಒಂದೊಂದು ಭೇಟಿಗೆ ಒಂದೊಂದು ಕೀ ಹಿಂದಿರುಗಿಸುತ್ತೇನೆ ಅನ್ನುತ್ತಾನೆ. ಬಲವಂತವೇ ಇದು, ಸಂಶಯವಿಲ್ಲ. ಆದರೆ ಮಾತಾಡದ ಅಡಾ ಕಪ್ಪು ಕೀಗಳ ಲೆಕ್ಕಕ್ಕೆ ಮಾತ್ರ ಒಪ್ಪುತ್ತಾಳೆ. ಕಪ್ಪು ಕೀಗಳು ಕಡಿಮೆ, ಅಂದರೆ ಸಾಲ ಬೇಗ ತೀರುತ್ತದೆ. ಅವಳು ನುಡಿಸುತ್ತಿರುವಾಗ ಅವನು ಪಿಯಾನೊ ಕೆಳಗೆ ಮಲಗಿ, ಅವಳ ಕಪ್ಪು ಕಾಲುಚೀಲದಲ್ಲಿ ತೂತು ಕಂಡು, ಅಲ್ಲಿ ಇಣುಕಿದ ಕಾಸಿನಗಲದ ಚರ್ಮಕ್ಕೆ ಬೆರಳು ತಾಗಿಸುತ್ತಾನೆ. ಆ ಕ್ಲೋಸಪ್‌ನಲ್ಲಿ ಕಾಣುವುದು ಬಹಳ ಕಡಿಮೆ, ತಾಗಿದ್ದು ಮಾತ್ರ ನಮಗೂ ತಾಗುತ್ತದೆ. ಬೆತ್ತಲಾಗಿ ನಿಂತು ಪಿಯಾನೊದ ಧೂಳು ಒರೆಸುವವನೂ ಈ ಚಿತ್ರದಲ್ಲಿ ಬೇನ್ಸ್‌ನೇ. ಇಷ್ಟಾದರೂ ಬಲವಂತದಿಂದ ಪ್ರೀತಿ ಹುಟ್ಟಿಸಿದ್ದನ್ನು ಸ್ತ್ರೀವಾದಿ ಲೇಖಕಿ ಬೆಲ್ ಹುಕ್ಸ್ ಕಟುವಾಗಿ ಟೀಕಿಸಿದರು, ಆ ಟೀಕೆಗೆ ಇಂದಿಗೂ ತೂಕ ಇದೆ. ದೃಶ್ಯ ಮಟ್ಟದಲ್ಲಿ ಗೆದ್ದದ್ದು ಕಥೆಯ ಮಟ್ಟದಲ್ಲಿ ಸೋಲಬಹುದು.

ಮೈಕ್_ಮತ್ತು_ಮೌನ:

ಶಬ್ದವನ್ನು ಯಾರೂ ಮುಟ್ಟಲಿಲ್ಲ. ಇಂಥ ದೃಶ್ಯಕ್ಕೆ ಸ್ಯಾಕ್ಸೊಫೋನ್ ಅಥವಾ ನಿಧಾನದ ತಬಲಾ ಬಿದ್ದ ಕೂಡಲೇ ಪ್ರೇಕ್ಷಕರಿಗೆ ಅಪ್ಪಣೆಯಾಯಿತು: ಸವಿಯಿರಿ ಅಂತ. ಕ್ಯಾಮೆರಾ ಎಷ್ಟೇ ಜಾಗ್ರತೆ ವಹಿಸಿದ್ದರೂ ಅದು ಅಲ್ಲಿಗೇ ಮುಗಿಯಿತು. ಸಂಗೀತ ತೆಗೆದು ಕೋಣೆಯ ಸದ್ದು ಇಡಿ. ಗ್ಲಾಸಿಗೆ ಸುರಿಯುವ ಸದ್ದು, ಕುರ್ಚಿಯ ಕಿರುಗು, ಡ್ರಾಯರ್ ಸರಿಯುವಾಗ ಮರಕ್ಕೆ ಮರ ಉಜ್ಜುವುದು. ಉಸಿರು ಹಾಕುವುದಾದರೆ ಅವಳದ್ದನ್ನು ಮಾತ್ರ ಹತ್ತಿರದ ಮೈಕ್‌ನಲ್ಲಿ ಹಿಡಿಯಿರಿ, ಅವನದ್ದು ಕೋಣೆಯ ದೂರದಲ್ಲಿರಲಿ. ಕಿವಿ ಯಾರ ಪಕ್ಕ ನಿಂತಿದೆಯೋ ಮನಸ್ಸೂ ಅಲ್ಲೇ ನಿಲ್ಲುತ್ತದೆ.

ಡಬ್ಬಿಂಗ್‌ನಲ್ಲಿ ಆಗುವ ಒಂದು ಎಡವಟ್ಟು: ಅವಳ ಮಾತಿಗೆಲ್ಲ ಪಿಸುದನಿ ಕೊಡುವುದು. ಸೆಟ್‌ನಲ್ಲಿ ಅವಳು ಮಾಮೂಲಿ ದನಿಯಲ್ಲಿ ಲೆಕ್ಕಾಚಾರದ ಮಾತಾಡಿದ್ದಾಳೆ, ಡಬ್ಬಿಂಗ್‌ನಲ್ಲಿ ಉಸಿರು ಬೆರೆಸಿ ಅದನ್ನೇ ಆಹ್ವಾನ ಮಾಡಿಬಿಡುತ್ತಾರೆ.

ಮೊದಲ_ಕರಡು:

ಪತ್ರದ ವಿಷಯ ಮೊದಲೇ ಬಿಟ್ಟುಕೊಡುವುದು ಹೊಳೆದೇ ಇರಲಿಲ್ಲ, ಅದನ್ನು ಈಗಲೇ ತಿದ್ದುತ್ತೇನೆ. ಒಂದು ಅನುಮಾನ ಉಳಿದಿದೆ. ಮೈ ತೋರಿಸಬೇಡಿ, ಹತ್ತಿರ ಹೋಗಬೇಡಿ, ಸಂಗೀತ ಬೇಡ ಅನ್ನುತ್ತಾ ಹೋದರೆ ಕೊನೆಗೆ ಹೆಣ್ಣಿನ ಬಯಕೆಯನ್ನೇ ತೆರೆಯಿಂದ ಹೊರಗಿಟ್ಟ ಹಾಗೆ ಆಗುವುದಿಲ್ಲವೇ? ಅದೂ ಒಂದು ದಬ್ಬಾಳಿಕೆ ತಾನೇ?

ಬಾಗಿಲ_ಸಂದಿ:

ಸರಿಯಾದ ಅನುಮಾನ. ಇಲ್ಲಿ ಎರಡು ವಿಷಯ ಬೆರೆತುಹೋಗುತ್ತಿವೆ: ಅವಳು ಬಯಸುವುದು, ಮತ್ತು ಅವಳನ್ನು ಬೇರೆಯವರು ಬಯಸುವಂತೆ ಮಾಡುವುದು. ಸಿನಿಮಾ ಎರಡನೆಯದನ್ನು ನೂರು ವರ್ಷದಿಂದ ಧಾರಾಳವಾಗಿ ತೋರಿಸಿದೆ, ಅದನ್ನೇ 'ಲೈಂಗಿಕ ಶಕ್ತಿ' ಅಂತ ಕರೆದಿದೆ. ಮೊದಲನೆಯದರ ಬಗ್ಗೆ ಅದಕ್ಕೆ ಭಯ. 2010ರ 'ಬ್ಲೂ ವ್ಯಾಲೆಂಟೈನ್' ಚಿತ್ರದಲ್ಲಿ ನಾಯಕ ನಾಯಕಿಗೆ ಸುಖ ಕೊಡುವ ದೃಶ್ಯಕ್ಕಾಗಿ ಅಮೆರಿಕದ ರೇಟಿಂಗ್ ಮಂಡಳಿ ಮೊದಲು ಅತ್ಯಂತ ಕಠಿಣವಾದ ಎನ್‌ಸಿ-17 ಕೊಟ್ಟಿತು, ಮೇಲ್ಮನವಿಯ ನಂತರ ಅದಕ್ಕಿಂತ ಸಡಿಲವಾದ ಆರ್ ರೇಟಿಂಗ್ ಸಿಕ್ಕಿತು. ಬಟ್ಟೆ ಬಿಚ್ಚುವ ಹೆಣ್ಣಿಗಿಂತ ಸುಖ ಪಡುವ ಹೆಣ್ಣು ಮಂಡಳಿಗಳಿಗೆ ಹೆಚ್ಚು ಕಸಿವಿಸಿ ತರುತ್ತಾಳೆ.

ನಿಮ್ಮ ದೃಶ್ಯದಲ್ಲಿ ನಾಯಕಿಗೆ ಆ ಮನುಷ್ಯನ ಮೇಲೆ ಬಯಕೆ ಇಲ್ಲ. ಅಲ್ಲಿರುವುದು ಅಭಿನಯ. ಹಾಗಿದ್ದ ಮೇಲೆ ಅಲ್ಲಿ ಕಾಮೋದ್ರೇಕ ತರಿಸುವ ಶಾಟ್ ಹಾಕಿದರೆ ಅದು ಸುಳ್ಳಾಗುತ್ತದೆ, ಅಶ್ಲೀಲವೋ ಅಲ್ಲವೋ ಅನ್ನುವ ಮಾತು ಆಮೇಲಿನದು. ಅವಳ ಬಯಕೆ ತೋರಿಸಬೇಕು ಅನ್ನಿಸಿದರೆ ಬೇರೆ ದೃಶ್ಯ ಬರೆಯಿರಿ, ಅವಳಿಗೆ ಬೇಕಾದವರ ಜೊತೆ, ಅಥವಾ ಒಬ್ಬಳೇ ಇರುವಾಗ. ಅಲ್ಲಿ ಹತ್ತಿರ ಹೋಗಿ, ಎಷ್ಟು ಬೇಕಾದರೂ ಹತ್ತಿರ. ಅವಳು ನೋಡುವುದನ್ನು ಮೊದಲು ತೋರಿಸಿ. ಎರಡೂ ದೃಶ್ಯ ಇದ್ದಾಗ ಪ್ರೇಕ್ಷಕರಿಗೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ: ಇದು ಅವಳ ಮೈ, ಅದು ಅವಳ ವೇಷ.

ತೋರಿಸದೇ ಇರುವುದಕ್ಕೂ ಎರಡು ಬಗೆ ಇದೆ. ಸೆನ್ಸಾರ್‌ನ ಕತ್ತರಿ ನಾಚಿಕೆಯಿಂದ ಮುಚ್ಚುತ್ತದೆ. ಶಾಂತಾಲ್ ಅಕರ್‌ಮಾನ್‌ರ 'ಜಾನ್ ಡೀಲ್‌ಮನ್' (1975) ಬಾಗಿಲು ಮುಚ್ಚುವುದು ಬೇರೆ ಕಾರಣಕ್ಕೆ. ಚಿತ್ರದ ಅವಧಿ 201 ನಿಮಿಷ, ವಿಧವೆಯೊಬ್ಬಳ ಮೂರು ದಿನ. ಮಧ್ಯಾಹ್ನಕ್ಕೊಬ್ಬ ಗಿರಾಕಿ ಬರುತ್ತಾನೆ, ಕೋಣೆಯ ಬಾಗಿಲು ಮುಚ್ಚುತ್ತದೆ, ಕ್ಯಾಮೆರಾ ಹಜಾರದಲ್ಲೇ ನಿಲ್ಲುತ್ತದೆ. ಬಾಗಿಲು ತೆರೆಯುವಾಗ ಬೆಳಕು ಇಳಿದಿರುತ್ತದೆ. ಕೊಟ್ಟ ದುಡ್ಡನ್ನು ಅವಳು ಊಟದ ಮೇಜಿನ ಮೇಲಿನ ಪಿಂಗಾಣಿ ಸೂಪ್ ಪಾತ್ರೆಗೆ ಹಾಕಿ ಮುಚ್ಚಳ ಇಡುತ್ತಾಳೆ. ಇನ್ನೊಂದೆಡೆ ಆಲೂಗಡ್ಡೆ ಸುಲಿಯುವುದು, ಪಾತ್ರೆ ತೊಳೆಯುವುದು ಮಾತ್ರ ಪೂರ್ತಿ ಹೊತ್ತಿನಲ್ಲಿ ನಡೆಯುತ್ತವೆ. ಅದನ್ನು ನೋಡುತ್ತಾ ಕೂತಾಗ ಅರಿವಾಗುತ್ತದೆ: ಮೈ ಮಾರುವುದು ಮತ್ತು ಮನೆಗೆಲಸ ಅವಳ ದಿನಚರಿಯಲ್ಲಿ ಒಂದೇ ಸಾಲಿನ ಕೆಲಸಗಳು. ಎರಡನೇ ದಿನ ಗಿರಾಕಿ ಹೋದ ಮೇಲೆ ಆಲೂಗಡ್ಡೆ ಅತಿಯಾಗಿ ಬೆಂದುಹೋಗಿರುತ್ತದೆ. ಒಳಗೆ ಏನೋ ಸಡಿಲವಾಯಿತು ಅನ್ನುವುದನ್ನು ಚಿತ್ರ ಹೇಳುವುದು ಆ ಪಾತ್ರೆಯ ಮೂಲಕ. ಮೂರನೇ ದಿನ ಬಾಗಿಲೊಳಗೆ ನಮ್ಮನ್ನು ಬಿಟ್ಟುಕೊಳ್ಳುತ್ತದೆ. ಅವಳ ಮೈ ಅವಳ ಅನುಮತಿ ಕೇಳದೆ ಸ್ಪಂದಿಸಿದ್ದನ್ನು ಕಾಣುತ್ತೇವೆ, ಆಮೇಲೆ ಅವಳು ಕತ್ತರಿಯಿಂದ ಗಿರಾಕಿಯನ್ನು ಇರಿದು ಕೊಲ್ಲುವುದನ್ನು. ಹಿಂಸೆ, ಸುಖ, ಬಿಡುಗಡೆ ಯಾವುದಕ್ಕೆ ಯಾವ ಹೆಸರು ಅನ್ನುವುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ. ಅವಳು ಕತ್ತಲಲ್ಲಿ ಮೇಜಿನ ಮುಂದೆ ಸುಮ್ಮನೆ ಕೂತಿರುತ್ತಾಳೆ, ನಿಮಿಷಗಟ್ಟಲೆ.

ದಬ್ಬಾಳಿಕೆಯನ್ನು ತೋರಿಸುವಾಗಲೂ ಇದೇ ಎಚ್ಚರ ಬೇಕು, ಅಲ್ಲಿ ತಪ್ಪಿದರೆ ನೋವು ಹೆಚ್ಚು. ಫೂಲನ್ ದೇವಿಯ ಬದುಕನ್ನು ಆಧರಿಸಿದ 'ಬ್ಯಾಂಡಿಟ್ ಕ್ವೀನ್' (1994) ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಬೆತ್ತಲೆ ಮೆರವಣಿಗೆಯ ದೃಶ್ಯ ಕಾಮ ಕೆರಳಿಸುವುದಿಲ್ಲ, ಹೇಸಿಗೆಯನ್ನೂ ಅವಳ ಮೇಲೆ ಮರುಕವನ್ನೂ ಹುಟ್ಟಿಸುತ್ತದೆ, ಆದ್ದರಿಂದ ಅಶ್ಲೀಲವಲ್ಲ ಅಂತ ತೀರ್ಮಾನಿಸಿತು. ಬಟ್ಟೆಯ ಅಳತೆ ಬಿಟ್ಟು ನೋಟದ ಉದ್ದೇಶವನ್ನು ಅಳೆದ ತೀರ್ಪು ಅದು. ಆದರೆ ಅದಕ್ಕೆ ಎರಡು ವರ್ಷ ಮೊದಲೇ ಅರುಂಧತಿ ರಾಯ್ ಕೇಳಿದ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರವಿಲ್ಲ: ಬದುಕಿರುವ ಹೆಣ್ಣೊಬ್ಬಳ ಮೇಲಾದ ಅತ್ಯಾಚಾರವನ್ನು ಅವಳ ಒಪ್ಪಿಗೆಯಿಲ್ಲದೆ ಮತ್ತೆ ಆಡಿ ತೋರಿಸಲು ನಿಮಗೆ ಹಕ್ಕು ಕೊಟ್ಟವರು ಯಾರು? ಶಾಟ್ ಸರಿಯಿದ್ದೂ ತಪ್ಪು ಆಗುವುದು ಹೀಗೆ.

ಕಾಲ್_ಶೀಟ್:

ಒಪ್ಪಿಗೆಯ ಮಾತು ಬಂದದ್ದರಿಂದ ಸೆಟ್ ಬಗ್ಗೆ. ಪಾತ್ರಕ್ಕೆ ಹಿಡಿತ ಕೊಟ್ಟು ನಟಿಯ ಹಿಡಿತ ಕಸಿದರೆ ಆ ಸುಳ್ಳು ಫ್ರೇಮ್‌ನಲ್ಲಿ ಕಾಣುತ್ತದೆ. 1972ರ 'ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್' ಚಿತ್ರೀಕರಣದ ಹೊತ್ತಿಗೆ ಮರಿಯಾ ಶ್ನೈಡರ್‌ಗೆ 19 ವರ್ಷ. ಬಲಾತ್ಕಾರದ ದೃಶ್ಯದ ಒಂದು ಮುಖ್ಯ ವಿವರವನ್ನು ಅವರಿಗೆ ಮುಂಚೆ ಸರಿಯಾಗಿ ತಿಳಿಸಿರಲಿಲ್ಲ, ಅಭಿನಯಕ್ಕಿಂತ ನಿಜವಾದ ಅವಮಾನ ಬೇಕಿತ್ತು ಅಂತ ನಿರ್ದೇಶಕ ಬರ್ಟೊಲುಚಿ ಆಮೇಲೆ ಒಪ್ಪಿಕೊಂಡರು. ಶ್ನೈಡರ್ ಆ ಗಾಯದ ಬಗ್ಗೆ 2007ರ ಸಂದರ್ಶನದಲ್ಲಿ ಹೇಳಿದ್ದರು, ಆಗ ಕೇಳಿಸಿಕೊಂಡವರು ಕಡಿಮೆ.

ನಿಮ್ಮ ದೃಶ್ಯದಲ್ಲಿ ಬೆತ್ತಲೆ ಇಲ್ಲದಿದ್ದರೂ ಕೆಲಸದ ಕ್ರಮ ಒಂದೇ. ಪ್ರತಿ ಸ್ಪರ್ಶವನ್ನೂ ಚಿತ್ರಕಥೆಯಲ್ಲಿ ಬಿಡಿಸಿ ಬರೆಯಿರಿ. "ಹತ್ತಿರವಾಗುತ್ತಾರೆ" ಅಂತ ಬರೆದು ಸೆಟ್‌ನಲ್ಲಿ ನೋಡಿಕೊಳ್ಳೋಣ ಅನ್ನಬೇಡಿ, ಎಡವಟ್ಟು ಶುರುವಾಗುವುದೇ ಆ ಪದದಿಂದ. ಯಾವ ಕೈ, ಎಲ್ಲಿ, ಎಷ್ಟು ಹೊತ್ತು, ಯಾರು ಮೊದಲು. ಅದನ್ನು ಕಾಗದದ ಒಪ್ಪಂದವಾಗಿಸಿ ನಟ ನಟಿ ಇಬ್ಬರಿಗೂ ಮುಂಚೆಯೇ ಕೊಡಿ. ಅಮೆರಿಕದ ನಟರ ಸಂಘದ ನಿಯಮದಲ್ಲಿ ಇಂಥ ಕಾಗದ ಸೆಟ್‌ಗೆ ಹಾಜರಾಗಬೇಕಾದ ಕಾಲ್ ಟೈಮ್‌ಗೆ 48 ಗಂಟೆ ಮೊದಲು ಕೈಸೇರಬೇಕು, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಬಟ್ಟೆ ತೊಟ್ಟೇ ಹೊಡೆದಾಟದ ದೃಶ್ಯದಂತೆ ಎಣಿಕೆ ಹಾಕಿ ತಾಲೀಮು ಮಾಡಿಸಿ. ಚಿತ್ರೀಕರಣದ ದಿನ ಬೇಕಾದವರು ಮಾತ್ರ ಒಳಗೆ, ಮಾನಿಟರ್ ಒಂದೇ, ಅದಕ್ಕೂ ಮರೆ. ಇಂಟಿಮಸಿ ಕೋಆರ್ಡಿನೇಟರ್ (ನಿಕಟ ದೃಶ್ಯಗಳಲ್ಲಿ ನಟರ ಒಪ್ಪಿಗೆ, ಸುರಕ್ಷತೆ ನೋಡಿಕೊಳ್ಳುವವರು) ಸಿಗದಿದ್ದರೆ ನಿರ್ದೇಶಕರಲ್ಲದ, ನಿರ್ಮಾಪಕರಲ್ಲದ ಒಬ್ಬರಿಗೆ "ನಿಲ್ಲಿಸಿ" ಅನ್ನುವ ಅಧಿಕಾರ ಕೊಟ್ಟು ಎಲ್ಲರೆದುರು ಹೇಳಿ. ನಟಿ ಒಪ್ಪಿದ್ದನ್ನು ಮಧ್ಯದಲ್ಲಿ ಹಿಂತೆಗೆದುಕೊಂಡರೆ ಬೇರೆ ಶಾಟ್ ತಯಾರಿರಬೇಕು. ಇಲ್ಲದಿದ್ದರೆ ಬೆಳಕು ಹೋಗುತ್ತಿದೆ ಅನ್ನುವ ಒತ್ತಡವೇ ಒಪ್ಪಿಗೆ ಕಿತ್ತುಕೊಳ್ಳುತ್ತದೆ. ದೃಶ್ಯದ ಎಡಿಟ್ ಮುಗಿದ ಮೇಲೆ ಅವರಿಗೆ ತೋರಿಸಿ. ಟ್ರೈಲರ್‌ಗೆ, ಪೋಸ್ಟರ್‌ಗೆ ಯಾವ ಫ್ರೇಮ್ ಹೋಗಬಹುದು ಅನ್ನುವುದು ಒಪ್ಪಂದದಲ್ಲಿ ಬೇರೆ ಸಾಲಾಗಿರಲಿ. ಎರಡನೇ_ಸಾಲು ಹೇಳಿದ ಆ ಪೋಸ್ಟರ್ ಸಮಸ್ಯೆ ಹೆಚ್ಚಾಗಿ ಹುಟ್ಟುವುದೇ ಇಲ್ಲಿ.

ಮೊದಲ_ಕರಡು:

ತಿದ್ದಿದ ಜೋಡಣೆ ಹೀಗಿದೆ. ಹಿಂದಿನ ದೃಶ್ಯದಲ್ಲಿ ಅವಳು ವಕೀಲರ ಹತ್ತಿರ ಹೋಗಿದ್ದಾಳೆ, ನ್ಯಾಯಾಲಯದ ದಾರಿ ಇದೆ, ಎರಡು ವರ್ಷ ಹಿಡಿಯುತ್ತದೆ. ಪತ್ರ ಯಾವ ಡ್ರಾಯರ್‌ನಲ್ಲಿದೆ ಅಂತ ನಮಗೂ ಅವಳಿಗೂ ಗೊತ್ತು. ಕೋಣೆಯಲ್ಲಿ ಕ್ಯಾಮೆರಾ ಮೇಜಿನ ಮಟ್ಟದಲ್ಲಿ. ಸಂಗೀತ ಇಲ್ಲ. ಪತ್ರ ಸಿಕ್ಕ ಮೇಲೆ ಎಲ್ಲಿ ಕಟ್ ಮಾಡಲಿ? ಈಗ ಅವನ ಪೆಚ್ಚಾದ ಮುಖದ ಮೇಲೆ ಮುಗಿಯುತ್ತಿದೆ.

ಕತ್ತರಿ_ಮೇಜು:

ಅವನ ಮುಖ ತೆಗೆದುಬಿಡಿ. ಅವನ ಸೋಲಿನ ಮೇಲೆ ಮುಗಿಸಿದರೆ ಕೊನೆಯ ಮಾತು ಮತ್ತೆ ಅವನ ಕುರಿತೇ ಆಗುತ್ತದೆ. ಅವಳ ಜೊತೆ ಬಾಗಿಲಾಚೆ ಬನ್ನಿ, ಶಾಟ್ ಕತ್ತರಿಸಬೇಡಿ. ಮೆಟ್ಟಿಲ ಮೇಲೆ ನಿಂತು ಪತ್ರವನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಮುಡಿ ಕಟ್ಟಲಿ. ಮೊದಲ ಸಲ ಕೈ ನಡುಗಿ ಗಂಟು ಜಾರಲಿ, ಎರಡನೇ ಸಲ ಕಟ್ಟಲಿ. 15 ಸೆಕೆಂಡು ಬೇಕು. ಆ ಕೈಗಳ ಜೊತೆ ಅವಳ ಮುಖವೂ ಫ್ರೇಮ್‌ನಲ್ಲಿರಲಿ, ಗಂಟು ಬಿಗಿಯಾದ ಮೇಲೆ ಕಟ್ ಮಾಡಿ.